ಶೆಡ್ಡಿನಲ್ಲಿ ಕುಳಿತ ಗೊಂಬೆ

ಹಿತ್ತಲ ಬಾಗಿಲ ಚಿಲಕ ಸರಿದ ಸದ್ದು ಬಹಳ ಸಣ್ಣದು. ಹಗಲಾಗಿದ್ದರೆ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಆ ವಾರವೆಲ್ಲ ಸರಿಯಾಗಿ ನಿದ್ದೆ ಬಾರದಿದ್ದ ನನಗೆ ನಡುರಾತ್ರಿಯಲ್ಲಿ ಅದು ಕೇಳಿಸಿತು. ತುಕ್ಕು ಹಿಡಿದ ಕಬ್ಬಿಣ ಒಮ್ಮೆ ಕಿರ್ ಎಂದು ನಿಂತಿತು. ಸ್ವಲ್ಪ ತಡೆದು ಮತ್ತೆ ಕಿರ್ ಎಂದಿತು. ಕಳ್ಳರಾದರೆ ಹೊರಗಿನಿಂದ ಬರುತ್ತಾರೆ, ಆ ಚಿಲಕ ಇರುವುದು ನಮ್ಮ ಕಡೆಗೆ. ಸದ್ದಾಯಿತೇನೋ ಎಂದು ನಡುವೆ ತಡೆದು ಕೇಳಿಸಿಕೊಳ್ಳುತ್ತಿರುವವರು ಮನೆಯವರೇ ಇರಬೇಕು.

ನನ್ನ ಗಂಡ ಮಧು ಗೋಡೆಯ ಕಡೆ ತಿರುಗಿ ಮಲಗಿದ್ದರು. ಎದ್ದು ಹೋಗಿ ಅತ್ತೆಯ ಕೋಣೆಗೆ ಇಣುಕಿದೆ. ಹಾಸಿಗೆ ಖಾಲಿ ಇತ್ತು.

ಆ ಬಾಗಿಲು ನಮ್ಮ ಹಿತ್ತಲಿಗೂ ನಿಜಗುಣಪ್ಪನವರ ಹಿತ್ತಲಿಗೂ ನಡುವಿನದು. ನಿಜಗುಣಪ್ಪ ನಮ್ಮ ಮಾವನವರ ಗೆಳೆಯರು, ಬೈಲಹೊಂಗಲದ ಹೊರಗೆ ಅವರ ಕಬ್ಬಿನ ಹೊಲ, ಆಲೆಮನೆ. ಮಾವ ಬದುಕಿದ್ದಾಗ ಇಬ್ಬರೂ ಸೇರಿ ನಡುವೆ ಗೋಡೆ ಕಟ್ಟಿಸಿದರಂತೆ. ಕಟ್ಟಿದ ಮೇಲೆ ಓಣಿ ಸುತ್ತಿ ಬರುವುದು ಬೇಸರವಾಗಿ, ಅದೇ ಗೋಡೆ ಒಡೆಸಿ ಬಾಗಿಲು ಇಡಿಸಿದರಂತೆ. ನಾನು ಸೊಸೆಯಾಗಿ ಬಂದ ಮೇಲೆ ಅದಕ್ಕೆ ಚಿಲಕ ಹಾಕಿದ್ದನ್ನು ಕಂಡಿರಲಿಲ್ಲ. ಅತ್ತಣಿಂದ ಬಿಸಿ ಬೆಲ್ಲ ಬರುತ್ತಿತ್ತು, ಇತ್ತಣಿಂದ ಮಜ್ಜಿಗೆ ಹೋಗುತ್ತಿತ್ತು. ಚಿಲಕ ಬಿದ್ದದ್ದು ವಿಧಾನಸಭೆಯಲ್ಲಿ ಆ ಮಸೂದೆ ಪಾಸಾದ ರಾತ್ರಿ. ಹಾಕಿದವರು ಮಧು. ಯಾರಾದರೂ ಸಿಟ್ಟಿನಲ್ಲಿ ಒಳಗೆ ನುಗ್ಗಿದರೆ ಎಂಬ ಭಯ ಅವರಿಗೆ.

ಭಯಕ್ಕೆ ಕಾರಣವಿತ್ತು. ಮಧು ಅವರ ಅಣ್ಣ, ನನ್ನ ಭಾವ ಸಿದ್ಧಾರೂಢ, ಈ ಭಾಗದ ಶಾಸಕರು. ಮಸೂದೆ ತೆರಿಗೆಯದೂ ಹೌದು, ಆಯವ್ಯಯದ್ದೂ ಹೌದು. ಮಾರುಕಟ್ಟೆಗೆ ಬರುವ ಬೆಲ್ಲ, ಹತ್ತಿ, ಕಾಳುಗಳ ಮೇಲೆ ಹೊಸ ತೆರಿಗೆ, ಟ್ರ್ಯಾಕ್ಟರಿನ ಟ್ರೇಲರಿಗೆ ವರ್ಷದ ತೆರಿಗೆ. ಅದೇ ಮಸೂದೆಯ ಹೊಟ್ಟೆಯಲ್ಲಿ ರಾಮದುರ್ಗ, ಸವದತ್ತಿ ಕಡೆಯ ಒಣ ಹಳ್ಳಿಗಳಿಗೆ ಕೊಳವೆಯಲ್ಲಿ ಕುಡಿಯುವ ನೀರು ತರುವ ಹಣವೂ ಇತ್ತು. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವ ಹಾಗಿರಲಿಲ್ಲ. ನಾನು ಅರ್ಥಶಾಸ್ತ್ರ ಓದಿದವಳು ಎಂದು ಓಣಿಯ ಹೆಂಗಸರು ನನ್ನನ್ನು ಕೇಳುತ್ತಿದ್ದರು: "ಇದು ಚಲೋದೋ ಕೆಟ್ಟದ್ದೋ, ಒಂದ ಮಾತಿನ್ಯಾಗ ಹೇಳವಾ." ನಾನು ಒಂದು ಮಾತಿನಲ್ಲಿ ಹೇಳುತ್ತಿರಲಿಲ್ಲ. ಶಾಸಕರ ಮನೆಯ ಸೊಸೆ ಬಾಯಿ ತೆರೆದರೆ ಅದು ಸಂಜೆಯೊಳಗೆ ಬಜಾರ ಮುಟ್ಟುತ್ತದೆ.

ಭಾವ ಮಾತ್ರ ಬಜಾರದ ನಡುವೆಯೇ ನಿಂತು ಒಂದು ಮಾತಿನಲ್ಲಿ ಹೇಳಿದ್ದರು: "ಬೆಲ್ಲದ ಮ್ಯಾಲ ತೆರಿಗಿ ಹಾಕೂ ಮಸೂದೆಗೆ ನಾ ಎದ್ದ ನಿಲ್ಲಾಂಗಿಲ್ಲ."

ಮತಕ್ಕೆ ಹಾಕಿದ ರಾತ್ರಿ ನಿಜಗುಣಪ್ಪನವರು ನಮ್ಮ ಮನೆಯಲ್ಲೇ ಟಿವಿ ನೋಡುತ್ತ ಕುಳಿತಿದ್ದರು. ಪರವಾಗಿರುವವರು ಎದ್ದು ನಿಲ್ಲಬೇಕು ಎಂದು ಸಭಾಧ್ಯಕ್ಷರು ಹೇಳಿದರು. ಸಾಲುಸಾಲಾಗಿ ಜನ ಎದ್ದರು. ಭಾವ ಕುಳಿತೇ ಇದ್ದರು. ನಿಜಗುಣಪ್ಪ ನನ್ನ ಕಡೆ ತಿರುಗಿ ನಕ್ಕರು. ಅಷ್ಟರಲ್ಲಿ ಭಾವ ಮುಂದಿನ ಮೇಜಿಗೆ ಎರಡೂ ಕೈ ಊರಿ ಎದ್ದು ನಿಂತರು.

"ಅವರಪ್ಪ ನಿಂತಂಗ ನಿಂತ," ಎಂದರು ಅತ್ತೆ ಮೆಲ್ಲಗೆ. ಅದು ಹೊಗಳಿಕೆಯೋ ಸಂಕಟವೋ ನನಗೆ ತಿಳಿಯಲಿಲ್ಲ.

ನಿಜಗುಣಪ್ಪ ಚಹದ ಕಪ್ಪನ್ನು ಕುಡಿಯದೆ ಕೆಳಗಿಟ್ಟರು. "ಬರತೇನಿ ವೈನಿ," ಎಂದು ಅತ್ತೆಗೆ ಹೇಳಿ ಹಿತ್ತಲ ಬಾಗಿಲಿನಿಂದ ಹೋದರು. ಮಧು ಹಿಂದೆಯೇ ಹೋಗಿ ಚಿಲಕ ಹಾಕಿದರು. ಆ ಸದ್ದು ನಿಜಗುಣಪ್ಪನವರಿಗೂ ಕೇಳಿಸಿರಬೇಕು.

ಮರುದಿನ ಕಿತ್ತೂರಿನಲ್ಲಿ ಹೆದ್ದಾರಿ ತಡೆದರು. ಸವದತ್ತಿಯಲ್ಲಿ ಮಾರುಕಟ್ಟೆ ಮುಚ್ಚಿತು. ನಮ್ಮ ಮೋಟಾರು ರಿಪೇರಿ ಅಂಗಡಿಯ ಶಟರಿಗೆ ಯಾರೋ ಸಗಣಿ ಬಳಿದರು. "ಹಬ್ಬಕ್ಕ ನಾವ ಸಾರಸಬೇಕಿತ್ತು, ಪುಕ್ಕಟ ಆತು," ಎಂದರು ಮಧು, ಆದರೆ ತೊಳೆಯುವಾಗ ಯಾರ ಮುಖವನ್ನೂ ನೋಡಲಿಲ್ಲ. ರಾಮದುರ್ಗದ ಕಡೆ ಸಾಲಹಳ್ಳಿಯಲ್ಲಿ ಮಾತ್ರ ಪೇಡೆ ಹಂಚಿದರಂತೆ. ಸಾಲಹಳ್ಳಿ ಅತ್ತೆಯ ತವರು. ಅಷ್ಟು ಸಾಕಾಯಿತು. ತಾಯಿಯ ತವರಿಗೆ ನೀರು ಕುಡಿಸಲು ಮಗ ಊರಿಗೆ ತೆರಿಗೆ ಹಾಕಿದ ಎಂಬ ಮಾತು ಹುಟ್ಟಿತು. ಭಾವ ಬೆಂಗಳೂರಿನಿಂದ ಯಾರ ಫೋನನ್ನೂ ಎತ್ತಲಿಲ್ಲ, ನಮ್ಮದನ್ನೂ.

ಬಂದ್ ಘೋಷಣೆಯಾಯಿತು. ಶಾಸಕರ ಅಣಕು ಶವಯಾತ್ರೆ, ತಹಶೀಲ್ದಾರ ಕಚೇರಿಯ ಎದುರು ಗೊಂಬೆ ದಹನ. ಗೊಂಬೆ ತಯಾರಾದದ್ದು ನಿಜಗುಣಪ್ಪನವರ ಹಿತ್ತಲ ತಗಡಿನ ಶೆಡ್ಡಿನಲ್ಲಿ, ನಮ್ಮ ಗೋಡೆಯ ಆಚೆ. ಇಡೀ ಸಂಜೆ ಅಲ್ಲಿ ಜನರ ನಗು, ಬಿದಿರು ಸೀಳುವ ಸದ್ದು. ಅತ್ತೆ ಈಚೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಈಗ ಅದೇ ಬಾಗಿಲು ದಾಟಿ ಹೋಗಿದ್ದರು.

ನಾನು ಬರಿಗಾಲಲ್ಲಿ ಹಿಂದೆ ಹೋದೆ. ಶೆಡ್ಡಿನಲ್ಲಿ ಬೀದಿ ದೀಪದ ಬೆಳಕು ತಗಡಿನ ಸಂದಿಯಿಂದ ಬೀಳುತ್ತಿತ್ತು. ಬಿದಿರಿನ ಚಟ್ಟದ ಮೇಲೆ ಗೊಂಬೆ ಅಂಗಾತ ಮಲಗಿತ್ತು. ಬಿಳಿ ಅಂಗಿ, ಬಿಳಿ ಪ್ಯಾಂಟು, ಒಳಗೆ ರವದಿ ಎನ್ನುವ ಒಣಗಿದ ಕಬ್ಬಿನ ಎಲೆ, ತಲೆಗೆ ಸುಣ್ಣ ಬಳಿದ ಗಡಿಗೆ. ಎದೆಯ ಮೇಲಿನ ರಟ್ಟಿನಲ್ಲಿ ಭಾವನ ಹೆಸರು. ಅತ್ತೆ ಅದರ ಕಂಕುಳಿಗೆ ಕೈ ಹಾಕಿ ಎಬ್ಬಿಸಲು ನೋಡುತ್ತಿದ್ದರು. ಎಂಟು ವರ್ಷದ ಹುಡುಗನಷ್ಟೂ ಭಾರವಿಲ್ಲದ ಗೊಂಬೆ, ಆದರೂ ಅದು ಬಾಗುತ್ತಿರಲಿಲ್ಲ.

"ಅತ್ತೀ, ಏನ ಮಾಡಾಕತ್ತೀರಿ?"

ಅವರು ಬೆಚ್ಚಲಿಲ್ಲ. "ಬಂದೀ? ಬಂದಾಕಿ ಬೆನ್ನಿಗೆ ಕೈ ಕೊಡು. ಸೊಂಟ ಬಗ್ಗವಲ್ದು ಇದರದು."

"ಯಾರರ ನೋಡಿದ್ರ ಏನ ಅಂತಾರ್ರಿ? ಶಾಸಕರ ತಾಯಿ ರಾತ್ರಿ ಬಂದು ಮಾಟ ಮಾಡ್ಯಾಳ ಅಂತಾರ. ನಡೀರಿ ಮನಿಗೆ."

"ಅನ್ನವರು ಅಂತಾರ."

"ಬ್ಯಾಡಂದ್ರ ಎತ್ತಿ ಹೊರಗ ಒಗದು ಬಿಡೂಣು. ಬಾವಿಗರ ಹಾಕೂಣು."

ಅತ್ತೆ ನನ್ನತ್ತ ತಿರುಗಿದರು. "ನಾ ಕಳವು ಮಾಡಾಕ ಬಂದಿಲ್ಲ ಮೀನಾ. ಅವರ ಸಿಟ್ಟು ಅವರದು. ಬೈಲಿ. ನಾನೂ ಬೈದೇನಿ ಮನಸಿನ್ಯಾಗ, ಊರ ಮುಂದ ಮಾತ ಕೊಟ್ಟು ಮುರದಾನ. ಓಣಿ ಓಣಿ ತಿರಗಸಲಿ. ಆದ್ರ ಹಿಂಗ ಅಡ್ಡ ಮಲಗಿಸಿ ಒಯ್ದು ಬೆಂಕಿ ಹಚ್ಚೂದು ನಮ್ಮೊಳಗ ಎಲ್ಲೈತಿ? ಅವರಪ್ಪನ್ನ ಹೆಂಗ ಒಯ್ದರು? ಈ ನಿಜಗುಣಪ್ಪನ ಹೆಗಲ ಕೊಟ್ಟಿದ್ದ."

ಆಗ ನನಗೆ ತಿಳಿಯಿತು. ನಮ್ಮ ಲಿಂಗವಂತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹಣೆಗೆ ವಿಭೂತಿ ಹಚ್ಚಿ, ಕಾಲು ಮಡಿಸಿ ಕೂಡ್ರಿಸಿ, ಭಜನೆ ಹೇಳುತ್ತ ಒಯ್ದು, ಕುಳಿತಂತೆಯೇ ಮಣ್ಣಿಗೆ ಒಪ್ಪಿಸುತ್ತೇವೆ. ಬೆಂಕಿಗೆ ಕೊಡುವುದಿಲ್ಲ. ಗೊಂಬೆ ಕಟ್ಟಿದ ಹುಡುಗರು ಟಿವಿಯಲ್ಲಿ ನೋಡಿದ ಹಾಗೆ ಚಟ್ಟ ಕಟ್ಟಿದ್ದರು. ತಮ್ಮ ಮನೆಗಳಲ್ಲಿ ಹೀಗೆ ಒಯ್ಯುವುದಿಲ್ಲ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ.

"ರವದಿ ಅದು, ಕಬ್ಬಿನ ರವದಿ," ಎಂದೆ, ಬಹುಶಃ ನನಗೇ ಹೇಳಿಕೊಂಡೆ.

"ರವದಿ ಅಂತ ನಂಗೂ ಗೊತ್ತೈತಿ. ಮ್ಯಾಲ ಹೆಸರು ಬರದಾರಲ್ಲ, ಅದು ರವದೀದಲ್ಲ. ಹಿಡಿ."

ಹಿಡಿದೆ. ಕಾಲಿನೊಳಗೆ ಬಿದಿರಿನ ಕೋಲು ಇತ್ತು. ಅದನ್ನು ಮುರಿಯದೆ ಮಂಡಿ ಮಡಿಸುವಂತಿರಲಿಲ್ಲ. ನನ್ನ ಮೊಣಕಾಲಿಗೆ ಒತ್ತಿ ಒಂದನ್ನು ಮುರಿದೆ. ಆ ಸದ್ದಿಗೆ ಓಣಿಯ ನಾಯಿ ಬೊಗಳಿತು. ನಿಜಗುಣಪ್ಪನವರ ಮನೆಯೊಳಗೆ ಯಾರೋ ಕೆಮ್ಮಿದರು. ನಾವಿಬ್ಬರೂ ಗೊಂಬೆಯನ್ನು ಹಿಡಿದುಕೊಂಡೇ ಕಲ್ಲಾದೆವು. ಬಾಗಿಲು ತೆರೆದರೆ ಏನು ಹೇಳಬೇಕೆಂದು ನಾನು ಮಾತು ಜೋಡಿಸುತ್ತಿದ್ದೆ, ಒಂದೂ ಜೋಡಣೆಯಾಗಲಿಲ್ಲ. ಯಾರೂ ಬರಲಿಲ್ಲ. ಎರಡನೆಯ ಕೋಲನ್ನು ಅತ್ತೆಯ ಸೆರಗಿನಲ್ಲಿ ಸುತ್ತಿ ಮುರಿದೆ.

ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಆನಿಸಿ ಕೂಡ್ರಿಸಿದೆವು. ಅತ್ತೆ ಸೆರಗಿನ ಗಂಟು ಬಿಚ್ಚಿ ವಿಭೂತಿ ತೆಗೆದರು. ಸುಣ್ಣದ ಮೇಲೆ ಅದು ಕಾಣುವುದಿಲ್ಲವೆಂದು, ಶೆಡ್ಡಿನ ಒಲೆಯ ಮಸಿಯನ್ನು ಹಣೆಗೆ ತೆಳ್ಳಗೆ ಬಳಿದು, ಅದರ ಮೇಲೆ ಮೂರು ಬೆರಳು ಎಳೆದರು. ಸಾಲೆಗೆ ಹೋಗುವ ಮಗನಿಗೆ ಹಚ್ಚಿದ ಹಾಗೆ, ಎಡಗೈಯಲ್ಲಿ ಗಲ್ಲ ಹಿಡಿದು. ಅಂಗಿಯ ಕಾಲರು ಸರಿ ಮಾಡಿದರು. ಆಮೇಲೆ, "ಸಾಕು ನಡಿ," ಎಂದರು.

ಬೆಳಿಗ್ಗೆ ನಾನು ಬಟ್ಟೆ ಒಣಹಾಕುವ ನೆವದಲ್ಲಿ ಹಿತ್ತಲಲ್ಲೇ ಇದ್ದೆ. ಮೊದಲು ಶೆಡ್ಡಿಗೆ ಬಂದವನು ಆಲೆಮನೆಯಲ್ಲಿ ಬೆಲ್ಲ ಕಾಸುವ ಅಮೋಘಸಿದ್ದಪ್ಪ. ಹೊರಗೆ ಓಡಿ ಬಂದ ಸದ್ದು ಕೇಳಿಸಿತು.

"ಧಣ್ಯಾರ, ನಿನ್ನಿ ನಾವು ಮಲಗಿಸಿದ್ದು ಖರೆ ಹೌದಲ್ರಿ?"

"ಹೌದು. ಯಾಕ?" ಇದು ನಿಜಗುಣಪ್ಪನವರ ದನಿ.

"ಇಂವ ಎದ್ದ ಕುಂತಾನ್ರಿ."

ಜನ ಕೂಡಿದರು. ಆಮೇಲೆ ಯಾರೋ, "ಅಸೆಂಬ್ಲಿಯೊಳಗ ಎದ್ದ ನಿಂತಾಂವ, ಇಲ್ಲಿ ಎದ್ದ ಕುಂದರೂದು ಏನ ದೊಡ್ಡದು," ಎಂದ. ನಗು ಎದ್ದಿತು, ಆದರೆ ಬೇಗ ನಿಂತಿತು.

"ವಿಭೂತಿ ಯಾರ ಹಚ್ಚ್ಯಾರ?"

"ಪೊಲೀಸರು ಬಂದಿದ್ರೇನ?"

"ಪೊಲೀಸರು ವಿಭೂತಿ ಹಚ್ಚತಾರೇನಲೇ? ಲಾಠಿ ಹಚ್ಚತಾರ."

ನನ್ನ ಕೈಯಲ್ಲಿದ್ದ ಒದ್ದೆ ಪಂಚೆಯನ್ನು ಎಷ್ಟು ಸಲ ಜಾಡಿಸಿದೆನೋ. ಕೊನೆಗೆ ನಿಜಗುಣಪ್ಪ, "ಚಟ್ಟ ಬಿಚ್ಚ್ರಿ," ಎಂದರು. "ಒಳಗಿಂದ ಒಂದ ಖುರ್ಚಿ ತರ್ರಿ. ಕುಂತಾಂವನ್ನ ಕುಂತಂಗ ಒಯ್ಯೂದು."

ಮೆರವಣಿಗೆ ನಮ್ಮ ಮನೆಯ ಮುಂದೆ ಹಾದುಹೋಗುವಾಗ ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಖುರ್ಚಿ, ಖುರ್ಚಿಯಲ್ಲಿ ಗೊಂಬೆ, ಸುತ್ತ ಹಲಗೆ ಬಡಿತ. ಧಿಕ್ಕಾರ ಕೂಗುತ್ತ ಬಂದವರು ಅತ್ತೆಯನ್ನು ಕಂಡು ದನಿ ತಗ್ಗಿಸಿದರು, ದಾಟಿದ ಮೇಲೆ ಮತ್ತೆ ಏರಿಸಿದರು. "ನನಗ ಹೆದರಿ ಯಾಕ ನಿಲ್ಲಸ್ತಾವ," ಎಂದು ಗೊಣಗಿ ಅತ್ತೆ ಒಳಗೆ ಬಂದು ದೇವರ ಮುಂದೆ ಕುಳಿತರು. "ನೀ ಹೋಗಿ ನೋಡು. ಸುಟ್ಟರ ಬಂದು ಹೇಳು. ಸುಳ್ಳ ಹೇಳಬ್ಯಾಡ."

ಬಂದ್ ಇದ್ದರೂ ಔಷಧ ಅಂಗಡಿ ತೆರೆದಿತ್ತು. ಅತ್ತೆಯ ಬಿಪಿ ಗುಳಿಗೆ ತರುವ ನೆವ ಮಾಡಿ ಹೊರಟೆ. ತಹಶೀಲ್ದಾರ ಕಚೇರಿಯ ಎದುರಿನ ಆ ಅಂಗಡಿಯ ಮೆಟ್ಟಿಲಿನ ಮೇಲೆ, ಕಾಣುವ, ಕೇಳುವಷ್ಟು ಹತ್ತಿರ, ಯಾರೂ ನನ್ನನ್ನು ಗುರುತಿಸದಷ್ಟು ದೂರ ನಿಂತೆ. ಗೊಂಬೆಯನ್ನು ಖುರ್ಚಿ ಸಮೇತ ಇಳಿಸಿದರು. ಅಮೋಘಸಿದ್ದಪ್ಪನ ಕೈಯಲ್ಲಿ ಸೀಮೆಎಣ್ಣೆಯ ಬಾಟಲಿ ಇತ್ತು. ಬಾಟಲಿಯ ಮುಚ್ಚಳ ತೆಗೆಯದೆ ಅವನು ಗೊಂಬೆಯನ್ನೇ ನೋಡುತ್ತಿದ್ದ.

"ಹಚ್ಚೋ, ಏನ ಮುಹೂರ್ತ ನೋಡಾಕತ್ತೀ?" ಕಿತ್ತೂರಿನಿಂದ ಬಂದ ಲಾರಿ ಮಾಲೀಕನೊಬ್ಬ ಕೂಗಿದ.

"ವಿಭೂತಿ ಹಚ್ಚಿದ ಹಣಿಗೆ ಬೆಂಕಿ ಹೆಂಗ ಹಚ್ಚಲಿ ಸಾವಕಾರ?"

"ಹಂಗಾರ ಒರಸು."

"ನೀವು ಬಂದ ಒರಸ್ರಿ, ನಾ ಹಚ್ಚತೇನಿ."

ಲಾರಿ ಮಾಲೀಕ ತೋಳೇರಿಸಿ ಮುಂದೆ ಬಂದ. ಕೈ ಚಾಚಿದ. ಹಣೆಯ ಹತ್ತಿರ ಹೋದ ಕೈ ಅಲ್ಲೇ ನಿಂತಿತು. ಸುತ್ತಲಿದ್ದವರೆಲ್ಲ ಅವನ ಬೆರಳನ್ನೇ ನೋಡುತ್ತಿದ್ದರು. ನಾನು ಗುಳಿಗೆಯ ಚೀಟಿಯನ್ನು ಮುಷ್ಟಿಯಲ್ಲಿ ಹಿಂಡಿದ್ದೆ. ಅವನು ಕೈ ಹಿಂದೆಗೆದು ತನ್ನ ತಲೆಯನ್ನೇ ಕೆರೆದುಕೊಂಡ.

"ನಮ್ಮವ್ವ ಕೇಳಿದ್ರ ಮನಿಯೊಳಗ ಕರಕೊಳ್ಳಾಂಗಿಲ್ಲ ಬಿಡ್ರಿ," ಎಂದ.

ಎಲ್ಲರೂ ನಕ್ಕರು. "ಸುಡೂದು ಬ್ಯಾಡಂದ್ರ ಮಣ್ಣು ಮಾಡೂಣು," ಎಂದರು ಯಾರೋ. "ಮಣ್ಣು ಮಾಡಿದ್ರ ಊರಿಗೆ ಊಟ ಹಾಕಬೇಕಾಕ್ಕತಿ. ಯಾರ ಹಾಕವರು?" ಎಂದರು ಇನ್ನೊಬ್ಬರು. ವಾದ ಬೆಳೆಯಿತು. ಕೆಲವರಿಗೆ ಸಿಟ್ಟೂ ಬಂತು. ಇಷ್ಟು ದೂರದಿಂದ ಬಂದದ್ದು ನಗುವುದಕ್ಕೋ ಎಂದು ಸವದತ್ತಿಯ ಹತ್ತಿ ವ್ಯಾಪಾರಿ ಶಂಕರೆಪ್ಪ ಹಲಗೆಯವರನ್ನು ಗದರಿದರು.

ನಿಜಗುಣಪ್ಪ ಖುರ್ಚಿಯ ಹಿಂದೆ ಬಂದು ನಿಂತರು.

"ಸುಡೂದೂ ಬ್ಯಾಡ, ಹುಗಿಯೂದೂ ಬ್ಯಾಡ," ಎಂದರು. "ಸುಟ್ಟ ಮ್ಯಾಲ ಏನು? ನಾವು ಮನಿಗೆ ಹೋಕ್ಕೇವಿ, ಅಂವ ಅಲ್ಲೇ ಫೋನ್ ಬಂದ್ ಮಾಡಿ ಕುಂತಿರತಾನ. ಇಂವ ಇಲ್ಲೇ ಕುಂದರಲಿ. ಅಂವ ಬಂದು ಇವನ ಬಾಜೂಕ ಕುಂತು ನಮ್ಮ ಮಾತು ಕೇಳೂತನಕ ನಾವೂ ಕುಂದರೂಣು."

ಶಂಕರೆಪ್ಪ ಸ್ವಲ್ಪ ಯೋಚಿಸಿ ಮೊದಲು ಕುಳಿತರು. ಆಮೇಲೆ ಒಬ್ಬೊಬ್ಬರೇ ಕುಳಿತರು. ಮನವಿ ಪತ್ರವನ್ನು ಯಾರೋ ಗೊಂಬೆಯ ತೊಡೆಯ ಮೇಲಿಟ್ಟು ಕಲ್ಲು ಹೇರಿದರು. ನಾನು ಮನೆಗೆ ಬಂದು, "ಸುಡಲಿಲ್ರಿ," ಎಂದೆ. ಅತ್ತೆ ತಲೆಯಾಡಿಸಿ, "ಬಿಸಲಾಗ ಕುಂತಾರೇನ ಅವರು?" ಎಂದು ಕೇಳಿದರು. ದೊಡ್ಡ ಕೊಡದ ತುಂಬ ಮಜ್ಜಿಗೆ ಕಡೆಸಿದರು. ಆದರೆ ಅದನ್ನು ಅಲ್ಲಿಗೆ ಒಯ್ಯುವುದು ಹೇಗೆಂದು ತಿಳಿಯದೆ ಸಂಜೆಯವರೆಗೆ ಅದು ಅಡುಗೆಮನೆಯಲ್ಲೇ ಉಳಿಯಿತು.

ಖುರ್ಚಿಯಲ್ಲಿ ಕುಳಿತ ಗೊಂಬೆಯ ಚಿತ್ರ ಎಲ್ಲರ ಫೋನುಗಳಲ್ಲಿ ಓಡಾಡಿತು. ಸುಟ್ಟ ಗೊಂಬೆಗಳ ಚಿತ್ರಗಳು ಎಲ್ಲ ಊರುಗಳಿಂದಲೂ ಬರುತ್ತಿದ್ದವು, ಯಾರೂ ಎರಡನೆಯ ಸಲ ನೋಡುತ್ತಿರಲಿಲ್ಲ. ಇದನ್ನು ನೋಡಿದರು.

ಮರುದಿನ ಹೊತ್ತು ಇಳಿಯುವಾಗ ಭಾವ ಬಂದರು. ಕಾರನ್ನು ಬಜಾರದಲ್ಲೇ ಬಿಟ್ಟು ನಡೆದು ಬಂದರು. ನಾನೂ ಮಧುವೂ ಅಲ್ಲಿಗೆ ಹೋಗಿದ್ದೆವು. ಅತ್ತೆ ಬರಲಿಲ್ಲ. "ಅಂವಗ ಬೈಯೂದು ಸರಿ ಐತಿ. ನಾ ಕೇಳಾಕ ಆಗಾಂಗಿಲ್ಲ," ಎಂದಿದ್ದರು. ಭಾವ ಖುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಹತ್ತಿರದಿಂದ ಗೊಂಬೆಯ ಹಣೆ ನೋಡಿದರು, ಕೆಳಗೆ ನೋಡಿದರು. ಬಹಳ ಜನ ಬಹಳ ಮಾತು ಆಡಿದರು. ಅವನ್ನೆಲ್ಲ ನಾನು ಇಲ್ಲಿ ಬರೆಯಲಾರೆ. ಅವರು ಅಡ್ಡ ಮಾತಾಡದೆ ಕೇಳಿದರು. ಎಲ್ಲ ಮುಗಿದ ಮೇಲೆ ನಿಜಗುಣಪ್ಪ ಕೇಳಿದರು:

"ಫೋನ್ ಯಾಕ ಎತ್ತಲಿಲ್ಲೋ?"

"ಏನ ಹೇಳಬೇಕು ತಿಳೀಲಿಲ್ಲ ಕಾಕಾ."

"ತಿಳೀವಲ್ದು ಅಂತರ ಹೇಳಬೇಕಿತ್ತು."

ಭಾವ ಒಪ್ಪಿಕೊಂಡರು. "ನಿಲ್ಲಾಂಗಿಲ್ಲ ಅಂದಿದ್ದೆ, ನಿಂತೆ. ಆ ಹಳ್ಳಿ ನೀರು ಬಿಟ್ಟು ಕುಂದರಾಕ ಆಗಲಿಲ್ಲ. ಅವ್ವನ ತವರು ಅಂತಲ್ಲ. ಅವ್ವನ ತವರೂ ಹೌದು. ನಿಮಗ ಭಾರ ಆಗೂದೂ ಖರೆ. ಬೆಲ್ಲದ ತೆರಿಗಿ ಇಳಸಾಕ ತಿದ್ದುಪಡಿ ಕೇಳತೇನಿ. ಆಗತೈತಿ ಅಂತ ಮಾತ ಕೊಡಾಂಗಿಲ್ಲ."

"ಕೊಡಬ್ಯಾಡ," ಎಂದರು ನಿಜಗುಣಪ್ಪ. "ಹಿಂದಿನ ಮಾತ ಇನ್ನ ಬಾಕಿ ಐತಿ."

ಜನ ನಕ್ಕರು. ಭಾವನೂ ಸ್ವಲ್ಪ ನಕ್ಕರು. ಎಲ್ಲರ ಸಿಟ್ಟು ಇಳಿಯಿತೆಂದು ಹೇಳಲಾರೆ. ಶಂಕರೆಪ್ಪ ಮಾತಾಡದೆ ಎದ್ದು ಹೋದರು. ಆದರೆ ಮನವಿಯನ್ನು ಗೊಂಬೆಯ ತೊಡೆಯಿಂದ ಭಾವ ಎತ್ತಿಕೊಂಡಾಗ ಹಲಗೆ ಬಡಿಯುವವನು ತಾನಾಗಿ ಒಂದು ಪೆಟ್ಟು ಹಾಕಿದ. ಗೊಂಬೆಯನ್ನು ಅಮೋಘಸಿದ್ದಪ್ಪ ಹೊಲಕ್ಕೆ ಒಯ್ದ. ಜೋಳದಲ್ಲಿ ಹಕ್ಕಿ ಕಾಯಲು ಬೇಕಂತೆ, ಹಣೆಯ ವಿಭೂತಿ ತಾನಾಗಿ ಮಾಸಿದ ಮೇಲೆ.

ರಾತ್ರಿ ಊಟಕ್ಕೆ ಕುಳಿತಾಗ ಭಾವ ರೊಟ್ಟಿ ಮುರಿಯುತ್ತ ಕೇಳಿದರು: "ಯವ್ವಾ, ಆ ಗೊಂಬಿನ್ನ ಕುಂದರಿಸಿದವರು ಯಾರಂತ? ಸುಟ್ಟಿದ್ರ ನಾ ಬರತಿದ್ದಿಲ್ಲ. ಅದು ನನ್ನ ಹಂಗ ಕುಂತದ್ದು ಫೋನಿನ್ಯಾಗ ನೋಡಿ ಬೆಂಗಳೂರಾಗ ಇರಾಕ ಆಗಲಿಲ್ಲ."

"ಯಾರೋ ಏನೋ. ಪಲ್ಯ ಹಾಕ್ಕೋ."

"ಮೀನಾ, ನೀ ಎಲ್ಲಾ ನೋಡತಿರತಿ. ನಿನಗ ಗೊತ್ತಿರಬೇಕು."

"ಇಲ್ರಿ ಭಾವಾ. ಅವತ್ತ ನಂಗ ನಿದ್ದಿ ಹತ್ತಿತ್ತು."

ಅತ್ತೆ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದರು.

ಬೆಳಿಗ್ಗೆ ಹಿತ್ತಲಿಗೆ ಹೋದರೆ ನಡುವಿನ ಬಾಗಿಲು ತೆರೆದೇ ಇತ್ತು. ನಿಜಗುಣಪ್ಪ ಅದರ ಹತ್ತಿರ ಕುಕ್ಕರಗಾಲಲ್ಲಿ ಕುಳಿತು, ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯ ಡಬ್ಬಿಯಿಂದ ಚಿಲಕಕ್ಕೆ ಎಣ್ಣೆ ಬಿಡುತ್ತಿದ್ದರು. ಪಕ್ಕದಲ್ಲಿ ಹೊಸ ಬೆಲ್ಲದ ಅಚ್ಚೊಂದು ಕಾಗದದಲ್ಲಿ ಸುತ್ತಿಟ್ಟಿತ್ತು.

"ಚನ್ನವ್ವ ಕೊಟ್ಟಾಳ, ವೈನಿಗೆ ಕೊಡು," ಎಂದರು. ಚನ್ನವ್ವ ಅವರ ಹೆಂಡತಿ. ನಾನು ಬೆಲ್ಲ ತೆಗೆದುಕೊಂಡೆ. ಅವರು ಚಿಲಕವನ್ನು ಹಿಂದೆ ಮುಂದೆ ಸರಿಸಿ ನೋಡಿದರು. ಸದ್ದಾಗಲಿಲ್ಲ.

"ಭಾಳ ಒದರತಿತ್ತವಾ ಅವತ್ತ ರಾತ್ರಿ," ಎಂದರು, ನನ್ನ ಮುಖ ನೋಡದೆ. "ನಂಗೂ ಕೆಮ್ಮು ಬಂದ ಬಿಟ್ಟಿತ್ತು."

ಅವರು ಎದ್ದು ಕೈ ಒರೆಸಿಕೊಂಡು, "ಮಜ್ಜಿಗಿ ಐತೇನ?" ಎಂದು ಕೇಳಿದರು.

ಒಳಗೆ ಹೋಗಿ ಬೆಲ್ಲವನ್ನು ಅತ್ತೆಯ ಕೈಗೆ ಕೊಟ್ಟೆ. "ಏನಂದ?" ಎಂದರು ಅವರು. ತಮ್ಮನ್ನು ಯಾರೂ ಕಂಡಿಲ್ಲ ಎಂಬ ನೆಮ್ಮದಿ ಅವರಿಗಿತ್ತು. ಅದನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ. "ಮಜ್ಜಿಗಿ ಕೇಳ್ಯಾರ್ರಿ," ಎಂದಷ್ಟೇ ಹೇಳಿ ಲೋಟ ತೊಳೆಯಲು ಕುಳಿತೆ. ಆ ರಾತ್ರಿಯ ಮಾತನ್ನು ಭಾವನಿಗೂ ಮಧುವಿಗೂ ಹೇಳುವುದಿಲ್ಲವೆಂದು ಆಗಲೇ ನಿರ್ಧರಿಸಿದ್ದೆ. ನಿಜಗುಣಪ್ಪನವರಿಗೆ ಗೊತ್ತಿದೆ ಎಂಬುದನ್ನು ಅತ್ತೆಗೂ ಹೇಳಬಾರದು ಎಂದುಕೊಂಡೆ.